ಕಾಲು ಕೊಡದ ಅಕ್ಕ

ಮೊನ್ನೆ ದೇವದುರ್ಗದಲ್ಲಿ ಅಕ್ಕನನ್ನು ಮಣ್ಣು ಮಾಡಿ ಬಂದೆವು. ಮಣ್ಣಿಗೆ ಒಯ್ಯುವ ಮೊದಲು ಚರ್ಚಿನಲ್ಲಿ ಪೂಜೆಯಾಯಿತು. ಪೂಜೆಯ ಕೊನೆಗೆ ಅವರನ್ನು ಬಲ್ಲವರು ಒಬ್ಬೊಬ್ಬರಾಗಿ ಎದ್ದು ಎರಡು ಮಾತು ಹೇಳಿದರು. ಎರಡು ಮಾತು ಎಂದು ಶುರು ಮಾಡಿದವರು ಯಾರೂ ಎರಡಕ್ಕೆ ನಿಲ್ಲಿಸಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಪದ, ವಿನಯ. ಅಕ್ಕ ವಿನಯದ ಮೂರ್ತಿ, ಅಕ್ಕ ಸೇವೆಗೆಂದೇ ಹುಟ್ಟಿದವರು, ಅಂಥವರು ಇನ್ನು ಹುಟ್ಟುವುದಿಲ್ಲ. ಕೇಳಿ ಕೇಳಿ ನನಗೆ ಆಕಳಿಕೆ ಬಂತು. ಸತ್ತವರ ಮಾತು ನಡೆದಾಗ ಆಕಳಿಸಬಾರದು, ಗೊತ್ತು. ಆದರೆ ನಸುಕಿನ ಬಸ್ಸಿಗೆ ರಾಯಚೂರು ಬಿಟ್ಟು, ಅರ್ಧ ದಾರಿ ನಿಂತುಕೊಂಡೇ ಬಂದವಳಿಗೆ ಮೈಮೇಲೆ ಅಷ್ಟು ಹಿಡಿತ ಇರುವುದಿಲ್ಲ.

ಕಡೆಗೆ ಫಾದರ್ ಒಬ್ಬರು ಎದ್ದರು. ಮೊದಲು ನಮ್ಮ ದವಾಖಾನೆಯ ಊರಿನಲ್ಲಿದ್ದವರು, ಈಗ ಬೇರೆ ಕಡೆ ವರ್ಗವಾಗಿದ್ದಾರೆ, ಅಕ್ಕನ ಮಣ್ಣಿಗೆಂದೇ ಬಂದಿದ್ದರು. ಅವರು ಖಾಲಿ ಖುರ್ಚಿಯ ಕತೆ ಹೇಳಿದರು. ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ, ಯೇಸುಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ, ಪಾದ್ರಿಗಳು ಊರಿನ ಹನ್ನೆರಡು ಜನರನ್ನು ಸಾಲಾಗಿ ಕೂಡಿಸಿ ಅವರ ಕಾಲು ತೊಳೆಯುವ ಪದ್ಧತಿ ಇದೆ. ಒಂದು ವರ್ಷ ಆ ಹನ್ನೆರಡರಲ್ಲಿ ಅಕ್ಕನನ್ನೂ ಕರೆದಿದ್ದರು. ಖುರ್ಚಿ ಹಾಕಿತ್ತು, ಅಕ್ಕ ಬರಲಿಲ್ಲ.

“ತನ್ನ ಕಾಲನ್ನು ಇನ್ನೊಬ್ಬರಿಂದ ತೊಳೆಸಿಕೊಳ್ಳಲು ತಾನು ಯೋಗ್ಯಳಲ್ಲ ಎಂದು ಆ ತಾಯಿ ಅಡಗಿ ಕುಳಿತರು. ಆ ಖಾಲಿ ಖುರ್ಚಿ ಕಲಿಸಿದ ಪಾಠವನ್ನು ನಾನು ಪಾದ್ರಿಯಾಗಲು ಓದಿದ ಗುರುಮಠದಲ್ಲೂ ಯಾರೂ ಕಲಿಸಲಿಲ್ಲ” ಎಂದರು ಫಾದರ್. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ಖುರ್ಚಿ ಯಾಕೆ ಖಾಲಿ ಇತ್ತೆಂಬುದು ಅಲ್ಲಿ ಕುಳಿತವರ ಪೈಕಿ ನನಗೊಬ್ಬಳಿಗೆ ಗೊತ್ತಿತ್ತು. ಅಷ್ಟರಲ್ಲಿ ಯಾರೋ, “ಲ್ಯಾಬಿನ ಮೇಡಮ್ಮನೋರು ಎರಡು ಮಾತು ಹೇಳ್ರಿ” ಎಂದರು. ಎದ್ದು ನಿಂತೆ. “ಅಕ್ಕ ಭಾಳ ಹಟಮಾರಿ ಇದ್ರು” ಎಂದು ಹೇಳಿ ಕುಳಿತುಬಿಟ್ಟೆ. ಜನ ಮೆಲ್ಲಗೆ ನಕ್ಕರು. ಪ್ರೀತಿಗೆ ಹೇಳಿದೆ ಎಂದುಕೊಂಡರು. ಪ್ರೀತಿ ಇರಲಿಲ್ಲ ಎಂದಲ್ಲ, ಆದರೆ ನಾನು ಹೇಳಿದ್ದು ನಿಜವನ್ನೇ.

ನಾನು ಲಿಂಗ ಕಟ್ಟಿದ ಮನೆಯವಳು. ಮದುವೆಯಾಗಿ ಮಾನ್ವಿಗೆ ಬಂದಾಗ ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಮುಗಿಸಿದ್ದೆ, ಕೆಲಸ ಇರಲಿಲ್ಲ. ಮಾನ್ವಿಗೂ ದೇವದುರ್ಗಕ್ಕೂ ನಡುವಿನ ಒಂದು ಊರಲ್ಲಿ ಸಿಸ್ಟರುಗಳು ನಡೆಸುವ ಮಿಷನ್ ದವಾಖಾನೆ ಇತ್ತು. ಅಲ್ಲಿ ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುವ ಕೋಣೆಗೆ ನಾನು ಸೇರಿದೆ. ಪಕ್ಕದ್ದು ಡ್ರೆಸ್ಸಿಂಗ್ ಕೋಣೆ, ಅಲ್ಲಿ ಅಕ್ಕ. ನಡುವೆ ಒಂದು ಗೋಡೆ, ಗೋಡೆಗೆ ಬಾಗಿಲಿಲ್ಲದ ಕಿಂಡಿ. ಹದಿನೈದು ವರ್ಷಕ್ಕೂ ಹೆಚ್ಚು ಆ ಕಿಂಡಿಯಿಂದ ಅವರ ದನಿ ಕೇಳಿಕೊಂಡು ದುಡಿದೆ. ಸೇವೆ ಎಂಬ ಮಾತು ಕೇಳಿದರೆ ಈಗಲೂ ನನಗೆ ಮೊದಲು ನೆನಪಾಗುವುದು ಅಲ್ಲಿ ನಿಂತು ನಿಂತು ಬಂದ ನನ್ನ ಮೊಣಕಾಲಿನ ನೋವು.

ಅಕ್ಕ ಸಿಸ್ಟರ್ ಅಲ್ಲ, ನರ್ಸೂ ಅಲ್ಲ. ದೇವದುರ್ಗದ ಕಡೆಯ ಒಂದು ಕೂಲಿಯವರ ಮನೆಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಮದುವೆಯಾಗಿ, ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಹೊರಗೆ ಹಾಕಿದ ಮೇಲೆ ಸಿಸ್ಟರುಗಳ ಮನೆಗೆ ಕಸ ಹೊಡೆಯಲು ಬಂದರು. ಕಸ ಹೊಡೆಯುತ್ತಾ, ಬಟ್ಟೆ ಒಗೆಯುತ್ತಾ, ಗಾಯ ಕಟ್ಟುವುದನ್ನು ನೋಡಿ ಕಲಿತರು. ಸಿಸ್ಟರುಗಳು ಬರುತ್ತಿದ್ದರು, ಹೋಗುತ್ತಿದ್ದರು. ಅಕ್ಕ ಬಾಗಿಲ ಚೌಕಟ್ಟಿನಂತೆ ಅಲ್ಲೇ ಇದ್ದರು. ಅವರ ಹೆಸರು ಹಿಡಿದು ಕರೆದವರನ್ನು ನಾನು ನೋಡಲಿಲ್ಲ. ಎಪ್ಪತ್ತರ ಮುದುಕನೂ ಅಕ್ಕಾ ಎಂದೇ ಕರೆಯುತ್ತಿದ್ದ.

ಅವರ ಕೋಣೆಗೆ ಬರುತ್ತಿದ್ದದ್ದು ಬಹುಪಾಲು ಕಾಲುಗಳೇ. ಗದ್ದೆಯ ಕೆಸರಲ್ಲಿ ನಾಟಿ ಮಾಡಿ ಬೆರಳ ಸಂದಿ ಕೊಳೆತ ಕಾಲು, ಹತ್ತಿ ಬಿಡಿಸಲು ಹೋಗಿ ಜಾಲಿಮುಳ್ಳು ಮುರಿದ ಕಾಲು, ಹಿಮ್ಮಡಿ ಒಡೆದು ರಕ್ತ ಬಂದ ಕಾಲು, ಕುಷ್ಠದಿಂದ ಸ್ಪರ್ಶ ಸತ್ತ ಕಾಲು, ಈಗೀಗ ಎಲ್ಲಕ್ಕಿಂತ ಹೆಚ್ಚಾಗಿ ಸಕ್ಕರೆ ಕಾಯಿಲೆಯ ಕಾಲು. ರೋಗಿ ಖುರ್ಚಿಯ ಮೇಲೆ, ಅಕ್ಕ ನೆಲದ ಮೇಲೆ. ಎದುರಿಗೆ ಬೆಚ್ಚಗಿನ ನೀರಿನ ಬೋಗುಣಿ. ಬೇರೆಯವರು ಕಾಲು ತೋರ್ಸ್ರಿ ಎನ್ನುತ್ತಾರೆ. ಅಕ್ಕ ಕೈ ಚಾಚಿ, “ಕಾಲು ಕೊಡ್ರಿ” ಎನ್ನುತ್ತಿದ್ದರು. ಮಗುವನ್ನು ಎತ್ತಿಕೊಳ್ಳಲು ಕೇಳುವವರ ಹಾಗೆ ಇರುತ್ತಿತ್ತು ಆ ದನಿ. ಜನ ನಾಚಿ ಕಾಲು ಹಿಂದಕ್ಕೆ ಎಳೆದುಕೊಂಡರೆ, “ಹೊಲದಾಗ ಕೆಸರಿಗೆ ಕೊಟ್ಟೀರಿ, ಮುಳ್ಳಿಗೆ ಕೊಟ್ಟೀರಿ. ನನಗ ಕೊಡಾಕ ಏನ್ ತಕ್ಲೀಪು?” ಎಂದು ತಮಾಷೆ ಮಾಡುತ್ತಿದ್ದರು.

ನೀರಮಾನ್ವಿ ಎಲ್ಲಮ್ಮನಿಗೆ ಬರಿಗಾಲಲ್ಲಿ ನಡೆದುಹೋದವರು ವಾಪಸು ಬರುವಾಗ ಅಂಗಾಲ ತುಂಬ ಬೊಬ್ಬೆ ಎಬ್ಬಿಸಿಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ಹೊಸದಾಗಿ ಬಂದ ಒಬ್ಬ ಸಿಸ್ಟರ್ ಹಾಗೆ ಬಂದ ಒಬ್ಬ ಹೆಂಗಸಿಗೆ, ಚಪ್ಪಲಿ ಹಾಕಿಕೊಂಡು ಹೋದರೆ ನಿಮ್ಮ ದೇವಿಗೆ ಏನಾಗುತ್ತಿತ್ತು ಎಂದು ಬೈಯಲು ಶುರು ಮಾಡಿದರು. ಅಕ್ಕ ಬೊಬ್ಬೆ ತೊಳೆಯುತ್ತಾ ಆ ಹೆಂಗಸನ್ನು ಕೇಳಿದ್ದು ಒಂದೇ ಮಾತು: “ದರ್ಶನ ಚಲೋ ಆತೇನವ್ವಾ?” ಆಯಿತು ಎಂದಳು ಅವಳು. “ಹಂಗಾದ್ರ ಆತು ಬಿಡು” ಎಂದು ಪಟ್ಟಿ ಸುತ್ತಿದರು. ಸಿಸ್ಟರ್ ಸುಮ್ಮನೆ ಹೊರಗೆ ಹೋದರು. ಅಕ್ಕನಿಗೆ ತಾನು ಸಿಸ್ಟರಿಗೆ ಎದುರಾಡಿದೆ ಎಂಬುದು ಹೊಳೆದಂತೆಯೂ ಕಾಣಲಿಲ್ಲ.

ಇಷ್ಟೇ ಆಗಿದ್ದರೆ ನಾನೂ ಉಳಿದವರ ಜೊತೆ ಕಣ್ಣೊರೆಸಿಕೊಂಡು ಬರುತ್ತಿದ್ದೆ. ಅಕ್ಕನ ಜೊತೆ ಬಾಳುವುದು ಎಷ್ಟು ಕಷ್ಟವಿತ್ತೆಂದು ಯಾರೂ ಹೇಳಲಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ಅವರಿಗೆ ಏನನ್ನೂ ಕೊಡುವ ಹಾಗಿರಲಿಲ್ಲ. ಚಹಾ ತಂದುಕೊಟ್ಟರೆ ಅದನ್ನು ರೋಗಿಗೆ ಕೊಟ್ಟು ನನ್ನ ಲೋಟವನ್ನೂ ತಾವೇ ತೊಳೆದಿಡುತ್ತಿದ್ದರು. ಊಟಕ್ಕೆ ಕರೆದರೆ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ನಿಂತುಕೊಂಡು ತಿನ್ನುತ್ತಿದ್ದರು. ಅವರು ನಿಂತಿರುವಾಗ ನಾವು ಕುಳಿತು ಉಣ್ಣುವುದು ಹೇಗೆ? ಜ್ವರ ಬಂದರೆ ಹೇಳುತ್ತಿರಲಿಲ್ಲ. ಒಮ್ಮೆ ಎಲ್ಲ ಸಿಬ್ಬಂದಿಗೂ ನಾನು ಸಕ್ಕರೆ ಪರೀಕ್ಷೆ ಮಾಡುತ್ತಿದ್ದಾಗ ಕಿಂಡಿಯಿಂದ ಕರೆದೆ, “ಬರ್ರಿ ಅಕ್ಕಾ, ಒಂದ್ ಹನಿ ರಕ್ತ ಕೊಡ್ರಿ.” ಅವರು, “ನಂದ್ಯಾಕವ್ವಾ ತಂಗಿ, ನಾ ಕಲ್ಲಿದ್ದಂಗ ಅದೀನಿ. ಆ ಸೂಜಿ ಯಾರಿಗರೆ ಬಡವರಿಗೆ ಆಗ್ತದ” ಎಂದರು. ಪ್ರತಿ ವರ್ಷ ಇದೇ ಉತ್ತರ. ನಾನೂ ಸೋತು ಕೇಳುವುದು ಬಿಟ್ಟೆ.

ಗೌಡಶಾನಿಯ ಪ್ರಸಂಗವನ್ನು ಇಲ್ಲೇ ಹೇಳಿಬಿಡಬೇಕು. ಕಲ್ಲೂರಿನ ಕಡೆಯಿಂದ ಒಬ್ಬ ಗೌಡರ ಮನೆಯ ಮುದುಕಿ ಬಂದಿದ್ದಳು, ಹೆಬ್ಬೆರಳಿಗೆ ದೊಡ್ಡ ಹುಣ್ಣು. ಖುರ್ಚಿಯ ಮೇಲೆ ಕುಳಿತು, ಅಕ್ಕ ಕೈ ಚಾಚಿದೊಡನೆ, “ನೀ ಯಾರ ಪೈಕಿಯಾಕಿ?” ಎಂದು ಕೇಳಿದಳು. ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದರು. ಮುದುಕಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಗೋಡೆಯ ಈಚೆ ನನಗೆ ರಕ್ತ ಕುದಿಯಿತು. ನಮ್ಮ ಪೈಕಿಯವಳೇ ಹೀಗೆ ಮಾಡಿದಳಲ್ಲ ಎಂಬ ನಾಚಿಕೆ ಬೇರೆ. ಅಕ್ಕ ಮಾತ್ರ ಎದ್ದು ಹೋಗಿ ಸಿಸ್ಟರನ್ನು ಕರೆತಂದರು. ನೀರು ಕಾಯಿಸಿ ತಂದಿಟ್ಟು ಬಾಗಿಲ ಹೊರಗೆ ನಿಂತರು.

“ಆಕಿಗೆ ಯಾಕ್ ಏನೂ ಅನ್ಲಿಲ್ಲ ನೀವು?” ಎಂದು ಆಮೇಲೆ ಜಗಳಕ್ಕೆ ಹೋದೆ.

“ಕಾಲು ಆಕಿದು, ತಂಗೀ. ಯಾರ ಕೈಯಾಗ ಕೊಡಬೇಕು ಅನ್ನೋದು ಆಕಿಗೆ ಬಿಟ್ಟಿದ್ದು. ಕಸಕೊಂಡು ತೊಳಿಯಾಕ ಬರ್ತದೇನು?”

ನನಗೆ ಆ ಮಾತು ಹಿಡಿಸಲಿಲ್ಲ, ಇವತ್ತಿಗೂ ಪೂರ್ತಿ ಹಿಡಿಸಿಲ್ಲ. ಅವಮಾನವನ್ನು ನುಂಗಿದವರನ್ನು ದೊಡ್ಡವರು ಎನ್ನುವ ರೂಢಿಯಿಂದ ಅವಮಾನ ಮಾಡಿದವರಿಗೆ ಬಹಳ ಅನುಕೂಲ. ಹಾಗೆಂದು ಅಕ್ಕನಿಗೆ ಹೇಳಿದರೆ, “ನೀ ಓದಿದಾಕಿ, ನಿನ್ನ ಜೋಡಿ ಮಾತಾಡಿ ನಾ ಗೆಲ್ಲಂಗಿಲ್ಲ” ಎಂದು ಪೊರಕೆ ಹಿಡಿದು ನಡೆದರು. ಸೋತಂತೆ ತೋರಿಸಿ ಗೆಲ್ಲುವ ಕಲೆಯಲ್ಲಿ ಅವರನ್ನು ಮೀರಿಸಿದವರಿಲ್ಲ.

ಇನ್ನು ಆ ಗುರುವಾರದ ವಿಷಯ. ನಮ್ಮ ಮನೆಗೆ ಜಂಗಮ ಅಯ್ಯನವರು ಬಂದರೆ ಅಜ್ಜಿ ಹಿತ್ತಾಳೆ ತಟ್ಟೆಯಲ್ಲಿ ಅವರ ಪಾದ ತೊಳೆದು ಆ ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಚಿಕ್ಕವರು ದೊಡ್ಡವರ ಪಾದ ತೊಳೆಯುವುದು ನನಗೆ ಗೊತ್ತಿತ್ತು. ಇಲ್ಲಿ ದೊಡ್ಡ ಫಾದರ್ ಮೊಣಕಾಲೂರಿ ಕೂಲಿಯವರ ಕಾಲು ತೊಳೆಯುವುದನ್ನು ಮೊದಲ ಸಲ ಕಂಡಾಗ ಮೈ ಜುಮ್ಮೆಂದಿತ್ತು. ನಾನು ಪ್ರತಿ ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದೆ. ಆದರೆ ಅಕ್ಕನಿಗೆ ಅದನ್ನು ಕಂಡರೆ ನಗು. ಆ ಹನ್ನೆರಡು ಜನ ಮನೆಯಲ್ಲಿ ಸಾಬೂನು ಹಚ್ಚಿ ಉಜ್ಜಿ, ಉಗುರು ಕತ್ತರಿಸಿ, ಪೌಡರ್ ಬೇರೆ ಹಚ್ಚಿಕೊಂಡು ಬರುತ್ತಿದ್ದರು. “ಎಲ್ಲಾ ತೊಳಕೊಂಡ ಬಂದಾರ. ಫಾದರಿಗೆ ಕೆಲಸ ಏನ್ ಉಳೀತು?” ಎನ್ನುತ್ತಿದ್ದರು ಅಕ್ಕ. ಅಂದು ಓದುವ ಪಾಠದಲ್ಲಿ ಒಬ್ಬ ಶಿಷ್ಯ, ಸ್ವಾಮಿ ನನ್ನ ಕಾಲು ಮುಟ್ಟುವುದು ಬೇಡವೇ ಬೇಡ ಎಂದು ಹಟ ಹಿಡಿಯುತ್ತಾನೆ. ಹಾಗಾದರೆ ನಿನಗೂ ನನಗೂ ಸಂಬಂಧವಿಲ್ಲ ಎಂದು ಯೇಸುಸ್ವಾಮಿ ಹೇಳಿದ ಮೇಲೆ ದಾರಿಗೆ ಬರುತ್ತಾನೆ. ಆ ಭಾಗ ಬಂದಾಗಲೆಲ್ಲ ಅಕ್ಕ ತಲೆ ತಗ್ಗಿಸುತ್ತಿದ್ದರು.

ಮೊನ್ನೆ ಖುರ್ಚಿಯ ಕತೆ ಹೇಳಿದ ಈ ಫಾದರ್ ಹೊಸದಾಗಿ ಬಂದಿದ್ದ ವರ್ಷ, ಹೆಂಗಸರನ್ನೂ ಕೂಡಿಸಬೇಕು, ಅದರಲ್ಲೂ ಊರವರ ಕಾಲೆಲ್ಲ ತೊಳೆದ ಅಕ್ಕನನ್ನು ಮೊದಲ ಖುರ್ಚಿಗೆ ಕೂಡಿಸಬೇಕು ಎಂದು ಠರಾಯಿಸಿದರು. ಅಕ್ಕ ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ. ಗುರುವಾರ ಸಂಜೆ ಹನ್ನೊಂದು ಜನ ಕುಳಿತರು, ಮೊದಲ ಖುರ್ಚಿ ಖಾಲಿ. ಫಾದರ್ ಟವೆಲು ಹೆಗಲಿಗೆ ಹಾಕಿಕೊಂಡು ಕಾದರು. ಜನ ಹಿಂತಿರುಗಿ ಹಿಂತಿರುಗಿ ನೋಡಿದರು. ಕೊನೆಗೆ ಯಾರನ್ನೋ ಎಬ್ಬಿಸಿ ತಂದು ಕೂಡಿಸಿದರು. ಪೂಜೆ ಮುಗಿದ ಮೇಲೆ ಹುಡುಕಿದರೆ ಅಕ್ಕ ಸಿಸ್ಟರುಗಳ ಅಡುಗೆಮನೆಯಲ್ಲಿ ಮರುದಿನದ ಗಂಜಿಗೆ ಅಕ್ಕಿ ಆರಿಸುತ್ತಾ ಕುಳಿತಿದ್ದರು. ಆ ಕಡು ಬೇಸಿಗೆಯಲ್ಲಿ ಕಾಲಿಗೆ ಕಾಲುಚೀಲ ಹಾಕಿದ್ದರು. ನಾವೆಲ್ಲ ಖುರ್ಚಿಯ ಸುದ್ದಿಯಲ್ಲಿ ಮುಳುಗಿದ್ದೆವು. ರಾಯಚೂರು ಜಿಲ್ಲೆಯ ಬಿಸಿಲಲ್ಲಿ ಯಾರಾದರೂ ಕಾಲುಚೀಲ ಯಾಕೆ ಹಾಕುತ್ತಾರೆ ಎಂದು ನನ್ನನ್ನೂ ಸೇರಿ ಒಬ್ಬರೂ ಕೇಳಲಿಲ್ಲ. ಎಂಥ ವಿನಯ, ಎಂಥ ವಿನಯ ಎನ್ನುತ್ತಾ ಮನೆಗೆ ಹೋದೆವು.

ಹಬ್ಬ ಮುಗಿದು ಸ್ವಲ್ಪ ದಿನಕ್ಕೆ, ಒಂದು ಸಂಜೆ ಬೀಗದ ಕೈ ಕೊಡಲು ಅವರ ಕೋಣೆಗೆ ಹೋದೆ. ಅಕ್ಕ ಆಗಷ್ಟೇ ನೆಲ ಒರೆಸಿ ಮುಗಿಸಿದ್ದರು. ಒದ್ದೆ ನೆಲದ ಮೇಲೆ ಕಿಟಕಿಯಿಂದ ಬಾಗಿಲವರೆಗೆ ಹೆಜ್ಜೆ ಗುರುತು ಮೂಡಿತ್ತು, ಒಂದು ಕಾಲಿನ ಗುರುತಿನಲ್ಲಿ ಮಾತ್ರ ಹಿಮ್ಮಡಿಯ ಮುಂದೆ ನಸುಗೆಂಪು ಕಲೆ. ನಾನು ನೋಡಿದ್ದನ್ನು ನೋಡಿ ಅಕ್ಕ ಅದರ ಮೇಲೆ ಬಟ್ಟೆ ಎಳೆದರು.

“ಪೇಷಂಟಿಂದು” ಎಂದರು.

“ಪೇಷಂಟ್ ಹೋಗಿ ಭಾಳ ಹೊತ್ತಾತು ಅಕ್ಕಾ. ಕಾಲು ಕೊಡ್ರಿ.”

“ಏನಿಲ್ಲ ಹೋಗ್, ಬಸ್ಸು ತಪ್ಪತದ ನಿಂದು.”

“ಕಾಲು ಕೊಡ್ರಿ ಅಂದೆ.”

“ನನ್ನ ಕಾಲು ಯಾರೂ ಮುಟ್ಟೂದು ಬ್ಯಾಡ.” ಅಷ್ಟು ಗಡುಸಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ದನಿ ಇಳಿಸಿ, “ನಾ ಕಟ್ಟಿಕೊಳ್ಳಾಕತ್ತೀನಿ, ದಿನಾ ಕಟ್ಟಿಕೊಳ್ಳಾಕತ್ತೀನಿ. ಈಸ್ಟರಿಗಿಂತ ಮೊದಲಿಂದು. ಒಣಗಾಕತ್ತದ” ಎಂದರು.

ಆಗ ನನಗೆ ಖಾಲಿ ಖುರ್ಚಿ ಅರ್ಥವಾಯಿತು. ವಿನಯಕ್ಕಲ್ಲ, ಕಾಲುಚೀಲ ಬಿಚ್ಚಬೇಕಾಗುತ್ತದೆಂದು ಅವರು ಹೋಗಿರಲಿಲ್ಲ. ಊರಿನವರಿಗೆಲ್ಲ ಹುಣ್ಣು ಮುಚ್ಚಿಡಬೇಡಿ ಎಂದು ಬುದ್ಧಿ ಹೇಳಿದವರು ತಮ್ಮ ಹುಣ್ಣನ್ನು ಕನ್ನಡಿ ಹಿಡಿದು ನೋಡಿಕೊಳ್ಳುತ್ತಿದ್ದರು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ, ಅಂಗಾಲೂ ಅಷ್ಟೇ. ನಾವು ಕ್ರೈಸ್ತರಾಗಲಿ ಲಿಂಗವಂತರಾಗಲಿ, ಒಬ್ಬರು ಹಿಂದೆ ಸರಿದು ನಿಂತರೆ ಸಾಕು, ದೊಡ್ಡ ಗುಣ ಎಂದು ಕೈ ಮುಗಿದು ಮುಂದೆ ಹೋಗುತ್ತೇವೆ, ಯಾಕೆ ಸರಿದರು ಎಂದು ನಿಂತು ಕೇಳುವುದಿಲ್ಲ.

ಅವತ್ತೇ ಹೋಗಿ ದವಾಖಾನೆ ನೋಡಿಕೊಳ್ಳುವ ದೊಡ್ಡ ಸಿಸ್ಟರಿಗೆ ಹೇಳಿದೆ. ಅವರು ಅಕ್ಕನನ್ನು ಬೈದು ಮಾನ್ವಿಯ ಡಾಕ್ಟರ ಹತ್ತಿರ ಕರೆದೊಯ್ದರು. ಸಕ್ಕರೆ ಮಿತಿ ಮೀರಿತ್ತು. ಗುಳಿಗೆ, ಇಂಜೆಕ್ಷನ್, ಕಾಲು ಊರದೆ ಮಲಗಿರಬೇಕು ಎಂಬ ತಾಕೀತು. ಗುಳಿಗೆ ನುಂಗಿದರು, ಮಲಗಿದ್ದು ಮಾತ್ರ ಎರಡೇ ದಿನ. ಮೂರನೆಯ ದಿನ ಕಿಂಡಿಯಿಂದ ಮತ್ತೆ “ಕಾಲು ಕೊಡ್ರಿ” ಎಂಬ ದನಿ. ಜಗಳವಾಡಿದೆ, ಅತ್ತೆ, ಮಾತು ಬಿಟ್ಟೆ. ದೊಡ್ಡ ಸಿಸ್ಟರ್ ಕೋಣೆಗೆ ಬೀಗ ಹಾಕಿದರೆ ಅಕ್ಕ ರೋಗಿಗಳನ್ನು ಬೇವಿನ ಗಿಡದ ನೆರಳಿಗೆ ಕರೆದು ಕಟ್ಟತೊಡಗಿದರು. ಆ ಮಳೆಗಾಲದಲ್ಲಿ ನಮ್ಮ ಯಜಮಾನರಿಗೆ ಯರಗೇರಾ ಕಡೆ ಕೆಲಸವಾಗಿ ನಾವು ಅದಕ್ಕೆ ಹತ್ತಿರದ ರಾಯಚೂರಿಗೆ ಮನೆ ಬದಲಿಸಿದೆವು, ನಾನು ಇಲ್ಲಿನ ಒಂದು ಲ್ಯಾಬಿಗೆ ಸೇರಿದೆ. ಫೋನು ಮಾಡಿದರೆ, “ಚಲೋ ಅದೀನಿ ತಂಗೀ, ನೀ ಹೆಂಗದಿ, ಮೊಣಕಾಲು ಹೆಂಗದ?” ಎಂದು ನನ್ನದನ್ನೇ ಕೇಳುತ್ತಿದ್ದರು.

ಚಳಿಗಾಲದಲ್ಲಿ ಒಂದು ದಿನ ದೊಡ್ಡ ಸಿಸ್ಟರ್ ಫೋನು ಮಾಡಿದರು. ಅಕ್ಕನಿಗೆ ವಿಪರೀತ ಜ್ವರ, ಕಾಲು ಕಪ್ಪಾಗಿದೆ, ರಾಯಚೂರಿನ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದರು. ಡಾಕ್ಟರು ನೋಡಿದವರೇ, ಮೊಣಕಾಲ ಕೆಳಗೆ ತೆಗೆಯಬೇಕು, ತಡ ಮಾಡಿದರೆ ಜೀವಕ್ಕೇ ಬರುತ್ತದೆ ಎಂದುಬಿಟ್ಟರು.

ಆಮೇಲಿನದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಕ ಉಳಿದರು. ದೇವದುರ್ಗದ ಸಿಸ್ಟರುಗಳ ಮನೆಯಲ್ಲಿ ಒಂದು ಕಾಲಿನ ಮೇಲೆ ಎರಡು ವರ್ಷ ಬಾಳಿದರು, ಕುಳಿತಲ್ಲೇ ಬ್ಯಾಂಡೇಜು ಸುತ್ತುತ್ತಾ, ಬೆಳ್ಳುಳ್ಳಿ ಸುಲಿಯುತ್ತಾ. ಮೊನ್ನೆ ಮಲಗಿದ್ದಲ್ಲೇ ಹೋದರು. ಆದರೆ ನನಗೆ ಹೇಳಬೇಕಾಗಿರುವುದು ಆಪರೇಷನ್ನಿನ ಹಿಂದಿನ ದಿನದ ಮಧ್ಯಾಹ್ನದ ಮಾತು. ಚರ್ಚಿನಲ್ಲಿ ಅದನ್ನು ಹೇಳಲು ನನ್ನಿಂದ ಆಗಲಿಲ್ಲ.

ದೊಡ್ಡ ಸಿಸ್ಟರ್ ರಕ್ತದ ವ್ಯವಸ್ಥೆಗೆಂದು ಓಡಾಡುತ್ತಿದ್ದರು. ನಾನು ಲ್ಯಾಬಿಗೆ ರಜೆ ಹಾಕಿ ಮಂಚದ ಪಕ್ಕ ಕುಳಿತಿದ್ದೆ. ಅಕ್ಕನ ತುಟಿ ಒಣಗಿ ಬಿರುಕು ಬಿಟ್ಟಿತ್ತು. ನೀರು ಕೊಟ್ಟರೆ ಒಲ್ಲೆ ಎನ್ನುತ್ತಿದ್ದರು. ಎಳನೀರು ತಂದರೆ ಒಲ್ಲೆ. ವಾರ್ಡಿನ ಆಯಾ ಬಂದು, “ಬೆಳಗಿಂದ ಹಿಂಗ ನೋಡ್ರಿ, ಗುಟುಕು ನೀರು ಇಳಿಸಿಲ್ಲ. ಡಾಕ್ಟ್ರು ನನಗ ಬೈತಾರ” ಎಂದಳು. ಯಾಕೆಂದು ನನಗೆ ತಟ್ಟನೆ ಹೊಳೆಯಿತು. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋಗಬೇಕಾದರೆ ಯಾರಾದರೂ ಬೆಡ್‌ಪ್ಯಾನ್ ಹಿಡಿಯಬೇಕು, ಹಿಡಿದದ್ದನ್ನು ತೊಳೆಯಬೇಕು. ಕಾಲು ಹೋಗುವ ಹಿಂದಿನ ದಿನವೂ ಈ ಹೆಂಗಸಿಗೆ ಅದೇ ಚಿಂತೆ.

ನನಗೆ ಸಾಕಾಗಿಹೋಗಿತ್ತು. ನಿದ್ದೆಯಿಲ್ಲ, ಮನೆಯಲ್ಲಿ ಮಾಡಿಟ್ಟ ಅಡುಗೆಯಿಲ್ಲ, ಮೊಣಕಾಲು ಸೆಳೆಯುತ್ತಿತ್ತು. ರೋಗಿಯ ಜೊತೆ ಹಾಗೆ ಮಾತಾಡಬಾರದು, ಮಾತಾಡಿದೆ.

“ಆ ಕಲ್ಲೂರ ಕಡಿ ಗೌಡಶಾನಿ ನೆನಪದಾಳೇನು ಅಕ್ಕಾ? ನಿಮ್ಮ ಕೈಯಾಗ ಕಾಲು ಕೊಡಲಿಲ್ಲಲ್ಲ, ಆಕಿ. ಆಕಿಗೂ ನಿಮಗೂ ಏನ್ ಫರಕು? ಆಕಿ ತಾ ಮ್ಯಾಲಿನಾಕಿ ಅಂತ ಕೊಡಲಿಲ್ಲ. ನೀವು ಕೆಳಗ ಕುಂತು ಕುಂತು, ಅದನ್ನ ಮ್ಯಾಲ ಮಾಡಿಕೊಂಡೀರಿ. ಎಲ್ಲಾರೂ ನಿಮಗ ಕೊಡಬೇಕು, ನೀವು ಮಾತ್ರ ಯಾರಿಗೂ ಕೊಡಂಗಿಲ್ಲ.”

ಪಕ್ಕದ ಮಂಚದವರು ತಿರುಗಿ ನೋಡಿದರು. ಅಕ್ಕ ಸೂರು ನೋಡುತ್ತಾ ಹೇಳಿದರು:

“ದೊಡ್ಡ ಮಾತು ಆಡಬ್ಯಾಡ ತಂಗೀ. ನನಗ ಹೆದರಿಕಿ.”

“ಯಾತರ ಹೆದರಿಕಿ?”

“ಗಂಡನ ಮನಿಯಾಗ ನಂದೇನೂ ಉಪಯೋಗಿಲ್ಲ ಅಂತ ಹೊರಗ ಹಾಕಿದ್ರು. ಇಲ್ಲಿ ಬಂದೆ, ಕೈ ಚಲೋ ಅದಾವಂತ ಇಟ್ಟುಕೊಂಡ್ರು. ಯಾರೂ ಹಂಗ ಅನ್ಲಿಲ್ಲ ಬಿಡು, ಸಿಸ್ಟರೋರು ದೇವರಂಥಾರು. ನನ್ನ ಮನಸಿಗೇ ಹಂಗ ಕುಂತದ. ಮಾಡೂತನಕ ಇದು ನನ್ನ ಮನಿ. ಮಾಡಿಸಿಕೊಳ್ಳಾಕ ಮಲಗಿದ್ರ ನಾ ಯಾರವ್ವಾ? ಹುಣ್ಣು ಅದ ಅಂತ ಗೊತ್ತಾದ್ರ ಮಲಗಿಸ್ತಿದ್ರು.”

ಹದಿನೈದು ವರ್ಷ ಗೋಡೆಯಾಚೆ ಕೇಳಿದ ಆ ದನಿಯಲ್ಲಿ ಈ ಹೆದರಿಕೆ ಇತ್ತೆಂದು ನನಗೆ ತಿಳಿದಿರಲಿಲ್ಲ. ಅವರು ನೆಲದ ಮೇಲೆ ಕುಳಿತದ್ದು ಪ್ರೀತಿಯಿಂದಲೇ, ಅದು ಸುಳ್ಳಲ್ಲ. ಆದರೆ ಅದೇ ನೆಲದ ಮೇಲೆ, ಯಾವಾಗ ಎಬ್ಬಿಸಿ ಕಳಿಸುತ್ತಾರೋ ಎಂದು ಕಾಯುತ್ತಲೂ ಕುಳಿತಿದ್ದರು. ಎರಡೂ ಒಂದೇ ಮೈಯಲ್ಲಿದ್ದವು. ನನಗೆ ಅಳು ಬಂತು, ಸಿಟ್ಟೂ ಹೋಗಲಿಲ್ಲ.

ಎದ್ದು ಆಯಾಳ ಹತ್ತಿರ ಬೋಗುಣಿ ಕೇಳಿ ತಂದೆ. ಬೆಚ್ಚಗಿನ ನೀರು ತಂದೆ. ಮಂಚದ ಕಾಲ ಕಡೆ, ಆ ಆಸ್ಪತ್ರೆಯ ನೆಲದ ಮೇಲೆ ಕುಳಿತೆ. ಕುಳಿತಾಗ ಮೊಣಕಾಲು ಲಟ್ ಎಂದಿತು.

“ಏನ್ ಮಾಡಾಕತ್ತಿ?”

“ಕಾಲು ಕೊಡ್ರಿ.”

“ಹುಚ್ಚಿ. ನಾಳಿ ಹೋಗೋ ಕಾಲು ಅದು. ತೊಳದು ಏನ್ ಮಾಡ್ತಿ?”

“ನಾಳಿ ಹೋಗ್ತದಂತನ ಇವತ್ತ ತೊಳೀತೀನಿ. ಕೊಡ್ರಿ. ಕಸಕೊಂಡು ತೊಳಿಯಾಕ ನನಗ ಬರಂಗಿಲ್ಲ.”

ನಾನು ಕೈ ಚಾಚಿಕೊಂಡು ಕುಳಿತೆ. ಆಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನನಗೆ ಕೈ ಸೋಲತೊಡಗಿತು, ಇಳಿಸಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಹೊದಿಕೆ ಸರಿಯಿತು. ಮೊದಲು ಚಲೋ ಕಾಲು ಹೊರಗೆ ಬಂತು. ಅದನ್ನು ತೊಳೆದು ಒರೆಸಿದೆ. ಮತ್ತೆ ಕೈ ಚಾಚಿದೆ. ಆಗ ಎರಡೂ ಕೈಯಿಂದ ತೊಡೆಯನ್ನು ಎತ್ತಿಕೊಂಡು, ಆ ಇನ್ನೊಂದನ್ನು ತಂದು ನನ್ನ ಅಂಗೈಯಲ್ಲಿ ಇಟ್ಟರು. ಪಟ್ಟಿ ಸುತ್ತಿದ ಕಡೆ ಬಿಟ್ಟು, ಮೀನಖಂಡ, ಹರಡು, ಕಪ್ಪಾಗದೆ ಉಳಿದಿದ್ದ ಎರಡು ಬೆರಳು, ಇಷ್ಟನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ವಾಸನೆ ಇತ್ತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು, ಅಸಹ್ಯ ಪಡುತ್ತಾಳೇನೋ ಎಂದು ಹುಡುಕುವ ಹಾಗೆ. ನಾನು ಮುಖ ಮುಚ್ಚಿಕೊಳ್ಳಲಿಲ್ಲ, ನಗುವ ನಾಟಕವನ್ನೂ ಮಾಡಲಿಲ್ಲ. ದಣಿದ ಮುಖ ಹೇಗಿರುತ್ತದೋ ಹಾಗೆಯೇ ಇತ್ತು.

“ಆ ಕಾಲಿಗೆ ಏನೂ ಗೊತ್ತಾಗಂಗಿಲ್ಲ ತಂಗೀ” ಎಂದರು.

“ನಿಮಗ ಗೊತ್ತಾಗಾಕತ್ತದಲ್ಲ, ಸಾಕು.”

ಅವರ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ನಾನು ಕಾಲನ್ನು ಒಣಗಿಸಿ ದಿಂಬಿನ ಮೇಲೆ ಇಟ್ಟು, ಮಂಚ ಹಿಡಿದುಕೊಂಡು ಕಷ್ಟಪಟ್ಟು ಎದ್ದೆ. ಬೋಗುಣಿ ಚೆಲ್ಲಿ ಬರಲೆಂದು ತಿರುಗಿದಾಗ ಅಕ್ಕ ಹಿಂದಿನಿಂದ ಕರೆದರು. ಅವರು ಯಾರ ಹತ್ತಿರವೂ ಏನನ್ನಾದರೂ ಬೇಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ, ಹಾಗಾಗಿ ಮೊದಲು ಬೇರೆ ಯಾರೋ ಮಾತಾಡಿದರೆಂದುಕೊಂಡೆ.

“ತಂಗೀ, ಕುಡಿಯಾಕ ನೀರು ಕೊಡು.”

ಕೊಟ್ಟೆ. ಗ್ಲಾಸು ಪೂರ್ತಿ ಕುಡಿದರು. ಖಾಲಿ ಗ್ಲಾಸನ್ನು ನನ್ನ ಕಡೆ ಚಾಚಿ, ಇನ್ನೊಂದು ಕೊಡು ಎಂದರು.